ಎತ್ತು ಎಳೆದಷ್ಟೇ ಬಲದಿಂದ ಬಂಡಿಯೂ ಹಿಂದಕ್ಕೆ ಎಳೆಯುತ್ತದೆ: ಹಾಗಾದರೆ ಬಂಡಿ ಮುಂದೆ ಹೋಗುವುದು ಹೇಗೆ?

ತ್ವರಿತ ನೋಟ

‘ಎತ್ತು ಬಂಡಿಯನ್ನು ಎಳೆದಷ್ಟೇ ಬಲದಿಂದ ಬಂಡಿಯೂ ಎತ್ತನ್ನು ಹಿಂದಕ್ಕೆ ಎಳೆಯುತ್ತದೆ. ಎರಡೂ ಸಮವಾದರೆ ಬಂಡಿ ಅಲುಗಲೇಬಾರದು. ಆದ್ದರಿಂದ ನ್ಯೂಟನ್‌ನ ಮೂರನೇ ನಿಯಮ ತಪ್ಪು’ ಎಂಬ ವಾದವನ್ನು ನೀವೂ ಕೇಳಿರಬಹುದು. ನಾವು ಪರಿಶೀಲಿಸಿದಾಗ, ವಾದದ ಮೊದಲ ಮಾತು ಸರಿ, ತೀರ್ಮಾನ ಮಾತ್ರ ತಪ್ಪು ಎಂದು ತಿಳಿಯಿತು.

ಈ ಪ್ರಶ್ನೆ ಹೊಸದೇ?

ಅಲ್ಲ. 1687ರಲ್ಲಿ ಪ್ರಕಟವಾದ ‘ಪ್ರಿನ್ಸಿಪಿಯಾ’ದಲ್ಲಿ ನ್ಯೂಟನ್ ಹಗ್ಗ ಕಟ್ಟಿದ ಕಲ್ಲನ್ನು ಎಳೆಯುವ ಕುದುರೆಯ ಉದಾಹರಣೆ ಕೊಟ್ಟಿದ್ದಾನೆ. ಕಲ್ಲೂ ಕುದುರೆಯನ್ನು ಅಷ್ಟೇ ಬಲದಿಂದ ಹಿಂದಕ್ಕೆ ಎಳೆಯುತ್ತದೆ ಎಂದು ಅವನೇ ಹೇಳಿದ್ದಾನೆ. ಕುದುರೆ ಗಾಡಿಯ ಈ ಪ್ರಶ್ನೆ ಎನ್‌ಸಿಇಆರ್‌ಟಿಯ ಒಂಬತ್ತನೇ ತರಗತಿ ವಿಜ್ಞಾನ ಪಠ್ಯದಲ್ಲೂ ಬಂದಿದೆ. ಇದನ್ನು ಬಿಡಿಸುವ ಸಾಧನವೇ ಪಿಯುಸಿಯಲ್ಲಿ ಕಲಿಸುವ ‘ಫ್ರೀ ಬಾಡಿ ಡಯಾಗ್ರಾಮ್’.

ಏನಿದು ಚಿತ್ರ?

ಒಂದೇ ಒಂದು ವಸ್ತುವನ್ನು ಸುತ್ತಲಿನಿಂದ ಬಿಡಿಸಿ, ಅದರ ಮೇಲೆ ಬೇರೆಯವು ಹಾಕುವ ಬಲಗಳನ್ನು ಮಾತ್ರ ಬಾಣಗಳಲ್ಲಿ ತೋರಿಸುವ ಚಿತ್ರ. ಚಿತ್ರಕಲೆ ಬರಬೇಕಿಲ್ಲ, ಒಂದು ಚೌಕ ಸಾಕು.

ಬಂಡಿಯ ಚಿತ್ರ

ಕಲಬುರಗಿ ಜಿಲ್ಲೆ ಜೇವರ್ಗಿ ತಾಲ್ಲೂಕಿನ ಅಂದೋಲಾದಂಥ ಊರಲ್ಲಿ ತೊಗರಿ ಚೀಲ ಹೇರಿದ ಬಂಡಿ ಸಮತಟ್ಟಾದ ರಸ್ತೆಯಲ್ಲಿ ಹೊರಟಿದೆ ಎಂದುಕೊಳ್ಳೋಣ. ನೊಗ ಬಂಡಿಗೆ ಸೇರಿದ್ದು. ಬಂಡಿ ಮತ್ತು ಚೀಲ ಸೇರಿ 1000 ಕೆಜಿ, ಎರಡು ಎತ್ತು ಸೇರಿ 800 ಕೆಜಿ ಇರಲಿ.

ಬಂಡಿಯ ಮೇಲಿನ ಬಾಣಗಳು:

• ಕೆಳಕ್ಕೆ: ಭೂಮಿಯ ಸೆಳೆತ.
• ಮೇಲಕ್ಕೆ: ನೆಲ ಮತ್ತು ಎತ್ತುಗಳ ಹೆಗಲಿನ ಆಸರೆ. ಇದು ಮತ್ತು ಸೆಳೆತ ಸರಿಸಮ.
• ಮುಂದಕ್ಕೆ: ಎತ್ತುಗಳ ಹೆಗಲು ನೊಗವನ್ನು ದೂಡುವ ಬಲ, 600 ನ್ಯೂಟನ್.
• ಹಿಂದಕ್ಕೆ: ಗಾಲಿಗೆ ನೆಲದ ತಡೆ, 400 ನ್ಯೂಟನ್.

ಮುಂದಕ್ಕೆ 200 ನ್ಯೂಟನ್ ಉಳಿಯಿತು. 1000 ಕೆಜಿಯಿಂದ ಭಾಗಿಸಿದರೆ ವೇಗೋತ್ಕರ್ಷ 0.2. ಅಂದರೆ ಪ್ರತಿ ಸೆಕೆಂಡಿಗೆ ಬಂಡಿಯ ವೇಗ ಸೆಕೆಂಡಿಗೆ 0.2 ಮೀಟರ್‌ನಷ್ಟು ಹೆಚ್ಚುತ್ತದೆ.

ಬಂಡಿ ಹಿಂದಕ್ಕೆ ಹಾಕುವ 600 ಎಲ್ಲಿ ಹೋಯಿತು? ಅದು ಎತ್ತಿನ ಮೇಲಿನ ಬಲ. ಬಂಡಿಯ ಚಿತ್ರದಲ್ಲಿ ಅದಕ್ಕೆ ಜಾಗವಿಲ್ಲ.

ಎತ್ತುಗಳ ಚಿತ್ರ

ಎತ್ತು ಗೊರಸಿನಿಂದ ನೆಲವನ್ನು ಹಿಂದಕ್ಕೆ ಒದೆಯುತ್ತದೆ, ನೆಲ ಎತ್ತನ್ನು ಮುಂದಕ್ಕೆ ದೂಡುತ್ತದೆ. ಅದು 760 ನ್ಯೂಟನ್ ಇದ್ದರೆ, ನೊಗ ಹಿಂದಕ್ಕೆ ಒತ್ತುವ 600 ಕಳೆದು 160 ಉಳಿಯುತ್ತದೆ. 800 ಕೆಜಿಯಿಂದ ಭಾಗಿಸಿ: ಮತ್ತೆ 0.2. ಎತ್ತೂ ಬಂಡಿಯೂ ಒಟ್ಟಿಗೇ ಸಾಗುತ್ತವೆ, ಲೆಕ್ಕ ಕೂಡಿಬಂತು.

ಕ್ರಿಯೆ, ಪ್ರತಿಕ್ರಿಯೆ ಎಂದೂ ಸಮ. ಆದರೆ ಅವು ಎರಡು ಬೇರೆ ವಸ್ತುಗಳ ಮೇಲಿವೆ, ಹಾಗಾಗಿ ಒಂದನ್ನೊಂದು ರದ್ದು ಮಾಡುವುದಿಲ್ಲ. ನಿಮ್ಮ ಸಾಲವನ್ನು ಪಕ್ಕದ ಮನೆಯವರ ಉಳಿತಾಯದಿಂದ ಕಳೆಯಲಾಗದು, ಹಾಗೆಯೇ ಇದು.

ವಿದ್ಯಾರ್ಥಿಗಳು ಎಲ್ಲಿ ತಪ್ಪುತ್ತಾರೆ?

ಪ್ರತಿ ಬಾಣಕ್ಕೂ ‘ಇದನ್ನು ಹಾಕುವವರು ಯಾರು?’ ಎಂದು ಕೇಳಿ. ಉತ್ತರವಿಲ್ಲದಿದ್ದರೆ ಬಾಣ ಅಳಿಸಿ. ‘ಚಲನೆಯ ಬಲ’ ಎಂಬ ಬಾಣ ಹೀಗೆಯೇ ಬಿದ್ದುಹೋಗುತ್ತದೆ. ದ್ರವ್ಯರಾಶಿ ಮತ್ತು ವೇಗೋತ್ಕರ್ಷದ ಗುಣಲಬ್ಧವೂ ಬೇರೊಂದು ಬಲವಲ್ಲ, ಅದು ಎಲ್ಲ ಬಾಣಗಳನ್ನು ಕೂಡಿದ ಮೊತ್ತ. ಬಂಡಿ ಒಂದೇ ವೇಗದಲ್ಲಿ ಸಾಗುತ್ತಿದ್ದರೆ ಮುಂದಿನ, ಹಿಂದಿನ ಬಾಣಗಳು ಸಮ ಇರಬೇಕು.

ಪರೀಕ್ಷೆಯಾಚೆಗೂ ಉಪಯೋಗವಿದೆಯೇ?

ಇದೆ. ಮಳೆ ಬಿದ್ದ ಎರೆಮಣ್ಣಿನಲ್ಲಿ ಗಾಲಿ ಹೂತರೆ ತಡೆಯ ಬಾಣ ಬೆಳೆಯುತ್ತದೆ. ಗೊರಸು ಜಾರಿದರೆ ನೆಲದ ಮುಂದೂಡುವ ಬಾಣ ಕುಗ್ಗುತ್ತದೆ. ಆಗ ಬಾರುಕೋಲಿನಿಂದ ಎಷ್ಟು ಹೊಡೆದರೂ, ಜಾರುವ ನೆಲ ಕೊಡಲಾಗದ ಬಲ ಹುಟ್ಟುವುದಿಲ್ಲ, ಎತ್ತಿಗೆ ಪೆಟ್ಟು ಮಾತ್ರ ಉಳಿಯುತ್ತದೆ. ಚೀಲ ಇಳಿಸಿದರೆ ತಡೆ ತಗ್ಗುತ್ತದೆ. ಗೊರಸಿನಡಿ ಒಣ ಕಟ್ಟಿಗೆ, ಗರಸು ಹಾಕಿದರೆ ಹಿಡಿತ ಸಿಗುತ್ತದೆ.

ತೀರ್ಮಾನ

ಮೂರನೇ ನಿಯಮ ತಪ್ಪು ಎಂಬ ಹೇಳಿಕೆ ಸುಳ್ಳು. ಮುಂದಿನ ಬಾರಿ ಇಂಥ ಸಂದೇಶ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಹಾಳೆಯ ಮೇಲೆ ಎರಡು ಚೌಕ ಬರೆಯಿರಿ: ಒಂದು ಎತ್ತಿಗೆ, ಒಂದು ಬಂಡಿಗೆ.