ದೂರಕೆಲಸ ವ್ಯವಸ್ಥೆ

ನೌಕರರು ಕಚೇರಿಗೆ ಬಾರದೆ, ಮನೆಯಿಂದಲೋ ಮನೆಗೆ ಹತ್ತಿರದ ಕೇಂದ್ರದಿಂದಲೋ ದೂರಸಂಪರ್ಕದ ನೆರವಿನಿಂದ ದುಡಿಯಲು ಸಂಸ್ಥೆ ಮಾಡಿಕೊಡುವ ಏರ್ಪಾಡು. 1970ರ ದಶಕದಲ್ಲಿ ಅಮೆರಿಕದ ಸಂಶೋಧಕ ಜ್ಯಾಕ್ ನಿಲ್ಸ್ ಮತ್ತು ಸಂಗಡಿಗರು ಲಾಸ್ ಏಂಜಲೀಸ್‌ನ ವಿಮಾ ಕಂಪನಿಯೊಂದರಲ್ಲಿ ಇದನ್ನು ಪರೀಕ್ಷಿಸಿದರು. ನಗರದ ವಾಹನ ದಟ್ಟಣೆ ತಗ್ಗಿಸುವುದು ಅವರ ಆಶಯವಾಗಿತ್ತು.

ಇಂಥ ವ್ಯವಸ್ಥೆಯನ್ನು ಕಟ್ಟುವ ಬಗೆಗೆ ಅಮೆರಿಕದ 2010ರ ಟೆಲಿವರ್ಕ್ ಎನ್‌ಹ್ಯಾನ್ಸ್‌ಮೆಂಟ್ ಕಾಯ್ದೆ ಒಳ್ಳೆಯ ಮಾದರಿ. ಪ್ರತಿ ಕೇಂದ್ರ ಸರ್ಕಾರಿ ಸಂಸ್ಥೆಯೂ ಯಾರು ಅರ್ಹರೆಂದು ನಿರ್ಧರಿಸಿ ನೌಕರರಿಗೆ ತಿಳಿಸಬೇಕು. ಹೊಣೆಗೆ ಒಬ್ಬ ಅಧಿಕಾರಿಯನ್ನು ನೇಮಿಸಬೇಕು. ನೌಕರರಿಗೂ ಮೇಲಧಿಕಾರಿಗಳಿಗೂ ತರಬೇತಿ ಕೊಡಬೇಕು. ನೌಕರ ಮತ್ತು ಮೇಲಧಿಕಾರಿಯ ನಡುವಿನ ಲಿಖಿತ ಒಪ್ಪಂದವೇ ಇದರ ಜೀವಾಳ. ಕೆಲಸದ ವೇಳೆ, ಉಪಕರಣದ ಖರ್ಚು, ಮಾಹಿತಿ ಸುರಕ್ಷತೆ ಮೊದಲೇ ಬರಹದಲ್ಲಿದ್ದರೆ ಮುಂದಿನ ಎಷ್ಟೋ ತಕರಾರು ತಪ್ಪುತ್ತದೆ. ಮೌಲ್ಯಮಾಪನ, ಬಡ್ತಿಗಳಲ್ಲಿ ಮನೆಯಿಂದ ದುಡಿಯುವವರನ್ನೂ ಕಚೇರಿಗೆ ಬರುವವರನ್ನೂ ಸಮನಾಗಿ ಕಾಣಬೇಕೆಂಬ ವಿಧಿ ಕಾಯ್ದೆಯ ಅತ್ಯಂತ ನ್ಯಾಯಯುತ ಭಾಗ.

ಭಾರತದಲ್ಲಿ 2020ರ ನವೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಬಿಪಿಒ ಮುಂತಾದ ಸೇವಾ ಸಂಸ್ಥೆಗಳ ನೌಕರರು ಮನೆಯಿಂದ ದುಡಿಯಲು ಅನುವಾಗುವಂತೆ ನಿಯಮಗಳನ್ನು ಸಡಿಲಿಸಿತು. ವಿಶೇಷ ಆರ್ಥಿಕ ವಲಯಗಳ ಘಟಕಗಳಿಗಾಗಿ 2022ರ ಜುಲೈನಲ್ಲಿ ಬಂದ 43ಎ ನಿಯಮ ಮೊದಲಿಗೆ ಗರಿಷ್ಠ ಶೇ. 50ರಷ್ಟು ನೌಕರರಿಗೆ, 1 ವರ್ಷದವರೆಗೆ ಮನೆಯಿಂದ ಕೆಲಸ ಮಾಡಲು ಅವಕಾಶ ನೀಡಿತು. ಬೆಂಗಳೂರಿನ ಐಟಿ ಘಟಕಗಳಲ್ಲಿ ಹಲವು ಇಂಥ ವಲಯಗಳಲ್ಲೇ ಇವೆ.