ಪಟ್ಟಿಯಲ್ಲಿ ಇಲ್ಲದ ಹುಲ್ಲು

ಪುಣೆಯ ವೇತಾಳ ಟೇಕಡಿ ಆಗಸ್ಟಿನಲ್ಲಿ ಹಚ್ಚಹಸಿರು. ಫೆಬ್ರವರಿ ಹೊತ್ತಿಗೆ ಅದೇ ಗುಡ್ಡದ ತುಂಬ ಒಣಹುಲ್ಲು, ಅಲ್ಲಲ್ಲಿ ಸುಟ್ಟ ಕಪ್ಪು ಕಲೆಗಳು. ನಮ್ಮ ಕಾಳ್ಗಿಚ್ಚನ್ನು ಇಲ್ಲಿಯವರು ‘ವಣವಾ’ ಎನ್ನುತ್ತಾರೆ. ಓಟ, ಚಾರಣ, ಸೈಕಲ್ ಸ್ಪರ್ಧೆಗಳನ್ನು ನಾವು ಇಟ್ಟುಕೊಳ್ಳುವುದೂ ಮಳೆ ನಿಂತ ಮೇಲಿನ ಈ ಒಣ ತಿಂಗಳುಗಳಲ್ಲೇ.

ಕಳೆದ ವರ್ಷ ನಾವು ಕೆಲವು ಪರಿಚಿತರು ಸೇರಿ ಫೆಬ್ರವರಿಯಲ್ಲಿ ಗುಡ್ಡದ ಓಟವೊಂದನ್ನು ನಡೆಸುವ ಮಾತಾಡಿದೆವು. ಅಪಾಯಗಳ ಪಟ್ಟಿ ಮಾಡುವುದು ನನ್ನ ದಿನನಿತ್ಯದ ಕೆಲಸವಾದ್ದರಿಂದ ಅದು ನನ್ನ ಪಾಲಿಗೆ ಬಂತು. ಕುಡಿಯುವ ನೀರು, ಆಂಬುಲೆನ್ಸ್, ಉಳುಕಿದ ಕಾಲು, ಬೀದಿನಾಯಿ ಎಂದು 31 ಸಾಲು ಬರೆದೆ. ಹುಲ್ಲು ಅದರಲ್ಲಿ ಇರಲಿಲ್ಲ. ಅದನ್ನು ತೋರಿಸಿಕೊಟ್ಟಿದ್ದು ಹಳೆಯ ಘಟನೆಗಳ ಓದು.

ಮೊದಲು ನೆನಪಾದದ್ದು ಬೆಂಗಳೂರು. 2019ರ ಫೆಬ್ರವರಿ 23ರಂದು ಯಲಹಂಕದ ಏರೋ ಇಂಡಿಯಾ ಪ್ರದರ್ಶನದ ಪಾರ್ಕಿಂಗ್ ಮೈದಾನದಲ್ಲಿ ಒಣಹುಲ್ಲಿಗೆ ಬೆಂಕಿ ಬಿತ್ತು. ಗಾಳಿ ಜೋರಿತ್ತು, ಕಾರುಗಳು ಒತ್ತೊತ್ತಾಗಿ ನಿಂತಿದ್ದವು. ಸುಮಾರು 300 ಕಾರುಗಳು ಸುಟ್ಟುಹೋದವು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಬೆಂಕಿ ಮುಂದೆ ಹಬ್ಬದಂತೆ ತಡೆಯಲು ಅಕ್ಕಪಕ್ಕದ ಕಾರುಗಳನ್ನು ಸರಿಸಿ ಖಾಲಿ ಜಾಗ ಮಾಡಬೇಕಾಯಿತು.

ಈ ಖಾಲಿ ಜಾಗದ ಉಪಾಯ ಹೊಸದೇನಲ್ಲ. 1860ರ ದಶಕದಲ್ಲಿ ಇಂದಿನ ಮಧ್ಯಪ್ರದೇಶದ ಬೋರಿ ಕಾಡಿನಲ್ಲಿ ಕರ್ನಲ್ ಪಿಯರ್ಸನ್ ಬೆಂಕಿ ತಡೆಯುವ ಕೆಲಸ ಶುರುಮಾಡಿದ. ಬೇಸಿಗೆಗೆ ಮುಂಚೆಯೇ ಹುಲ್ಲು ಸವರಿ ಸುಟ್ಟು ಬಿಡುವ ಬೆಂಕಿರೇಖೆಗಳು ಮುಂದೆ ದೇಶದ ಕಾಡುಗಳಲ್ಲೆಲ್ಲ ರೂಢಿಯಾದವು. ಬಿಳಿಗಿರಿರಂಗನ ಬೆಟ್ಟದ ಸೋಲಿಗರದು ಇನ್ನೊಂದು ದಾರಿ. ನೆಲದ ಮೇಲಿನ ತರಗು ಪೂರಾ ಒಣಗುವ ಮೊದಲೇ ಅವರು ಸಣ್ಣಗೆ ‘ತರಗು ಬೆಂಕಿ’ ಹಾಕುತ್ತಿದ್ದರು. 1970ರ ದಶಕದಲ್ಲಿ ಅಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಸರ್ಕಾರದ ರೇಖೆಯಾಗಲಿ ಸೋಲಿಗರ ತರಗು ಬೆಂಕಿಯಾಗಲಿ, ಎರಡರ ಲೆಕ್ಕವೂ ಒಂದೇ: ಕೆಲಸ ಬೆಂಕಿಗಿಂತ ಮೊದಲು ಮುಗಿದಿರಬೇಕು.

ಇಳಿಜಾರಿನಲ್ಲಂತೂ ಆಮೇಲೆ ಮಾಡುವುದಕ್ಕೆ ಹೊತ್ತೇ ಇರುವುದಿಲ್ಲ. ಏರು 10 ಡಿಗ್ರಿ ಹೆಚ್ಚಿದಂತೆಲ್ಲ ಮೇಲಕ್ಕೆ ಹತ್ತುವ ಬೆಂಕಿಯ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಮನುಷ್ಯನ ವೇಗ ಕುಗ್ಗುತ್ತದೆ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಿಗರು ಕಾಳ್ಗಿಚ್ಚಿಗೆ ಸಿಕ್ಕಿಬಿದ್ದು 23 ಮಂದಿ ತೀರಿಕೊಂಡರು. ಅವರಲ್ಲಿ ಕೆಲವರು ನಮ್ಮ ಹಾಗೆ ಐಟಿ ಕೆಲಸದವರು, ವಾರಾಂತ್ಯಕ್ಕೆಂದು ಬೆಟ್ಟಕ್ಕೆ ಹೋದವರು. ಅದೇ ವರ್ಷ ಆ ರಾಜ್ಯ ಚಾರಣಕ್ಕೆ ನಿಯಮಗಳನ್ನು ತಂದಿತು.

ಓಟದ್ದೇ ಉದಾಹರಣೆ ಬೇಕೆಂದರೆ ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿಗೆ ಹೋಗಬೇಕು. 2011ರ ಸೆಪ್ಟೆಂಬರ್ 2ರಂದು ಅಲ್ಲಿ ನಡೆದ 100 ಕಿಲೋಮೀಟರ್ ಓಟದಲ್ಲಿ ಕೆಲವರು ಕಣಿವೆಯೊಂದರಲ್ಲಿ ಬೆಂಕಿಗೆ ಸಿಕ್ಕಿದರು. ತುರಿಯಾ ಪಿಟ್ ಎಂಬ ಯುವ ಎಂಜಿನಿಯರ್‌ಗೆ ಮೈಯ ಶೇ. 65ರಷ್ಟು ಸುಟ್ಟಿತು. ಆಕೆ ಬದುಕಿದರು. 2012ರಲ್ಲಿ ಅಲ್ಲಿನ ಸಂಸತ್ತಿನ ಸಮಿತಿ ವರದಿ ಕೊಟ್ಟಿತು: ಸಂಘಟಕರು ಸುರಕ್ಷತೆಗೆ ಬೇಕಾದ ಎಲ್ಲ ಕ್ರಮ ಕೈಗೊಂಡಿರಲಿಲ್ಲ, ಸಂಬಂಧಪಟ್ಟ ಇಲಾಖೆಗಳೊಂದಿಗೆ ಸಕಾಲದಲ್ಲಿ ಸರಿಯಾಗಿ ಮಾತಾಡಿರಲಿಲ್ಲ.

ಆ ಸಾಲು ಓದಿದಾಗ ನನಗೆ ನಾಚಿಕೆಯಾಯಿತು. ನಾನೂ ಅರಣ್ಯ ಇಲಾಖೆಯವರನ್ನು ಅನುಮತಿ ಕೊಡುವವರೆಂದು ಮಾತ್ರ ಬರೆದುಕೊಂಡಿದ್ದೆ. ಬೆಂಕಿ ಎಲ್ಲಿ ಬೀಳುತ್ತದೆ, ರೇಖೆ ಎಲ್ಲಿ ಸವರಿದ್ದಾರೆ ಎಂದು ಅವರಲ್ಲಿ ಕೇಳಬೇಕೆನಿಸಿರಲಿಲ್ಲ. ಓಟದ ಬೆಳಿಗ್ಗೆ ದೂರದಲ್ಲಿ ಹೊಗೆ ಕಂಡರೆ ‘ನಿಲ್ಲಿಸಿ’ ಎನ್ನುವವರು ಯಾರು ಎಂಬುದೂ ತೀರ್ಮಾನವಾಗಿರಲಿಲ್ಲ. ಟೀ ಶರ್ಟ್ ಅಚ್ಚಾಗಿ, ಜನ ಹಣ ಕಟ್ಟಿ ಬಂದು ನಿಂತ ಮೇಲೆ ಆ ಮಾತು ಯಾರ ಬಾಯಿಂದಲೂ ಸುಲಭವಾಗಿ ಬರುವುದಿಲ್ಲ. ಅದನ್ನು ಹೇಳುವ ಅಧಿಕಾರವನ್ನು ಒಬ್ಬರಿಗೆ ಮೊದಲೇ ಕೊಟ್ಟಿರಬೇಕು.

ನಾವು ಓಟವನ್ನು ಆಗಸ್ಟಿಗೆ ತಳ್ಳಿದೆವು. ಕೆಸರಲ್ಲಿ ಯಾರು ಓಡುತ್ತಾರೆ ಎಂದು ಗೊಣಗಿದವರಿದ್ದರು. ಇಬ್ಬರು ಜಾರಿಬಿದ್ದು ಕಾಲು ಉಳುಕಿಸಿಕೊಂಡರು. ಉಳುಕು ನನ್ನ ಪಟ್ಟಿಯಲ್ಲಿತ್ತು, ಅದಕ್ಕೆ ಔಷಧವೂ ಇತ್ತು.