ಸಾಕು ಇಲಿಯ ಪಂಜರ

ಸಾಕು ಇಲಿಯ ಪಂಜರವು ಮನೆಗಳಲ್ಲಿ ಸಾಕುವ ಇಲಿಗಳ ವಾಸಕ್ಕಾಗಿ ಬಳಸುವ ಗೂಡು. ಸಾಕು ಇಲಿಯು ಕಂದು ಇಲಿಯ (ರಾಟಸ್ ನಾರ್ವೆಜಿಕಸ್) ಪಳಗಿಸಿದ ರೂಪವಾಗಿದೆ. ಇದನ್ನು ಹವ್ಯಾಸವಾಗಿ ಸಾಕುವ ಪದ್ಧತಿಯು 19ನೇ ಶತಮಾನದ ಇಂಗ್ಲೆಂಡಿನಲ್ಲಿ ಬೆಳೆಯಿತು. ಸಾಮಾನ್ಯವಾಗಿ 2ರಿಂದ 3 ವರ್ಷ ಬದುಕುವ ಈ ಪ್ರಾಣಿಯು ದಿನದ ಬಹುಭಾಗವನ್ನು ಪಂಜರದಲ್ಲೇ ಕಳೆಯುವುದರಿಂದ, ಪಂಜರದ ಗಾಳಿ ಮತ್ತು ನೆಲದ ಸ್ಥಿತಿಯು ಅದರ ಆರೋಗ್ಯದ ಮೇಲೆ ನೇರ ಪರಿಣಾಮ ಬೀರುತ್ತದೆ.

ಗಾತ್ರ ಮತ್ತು ರಚನೆ

ಇಲಿಗಳು ಗುಂಪಿನಲ್ಲಿ ಬಾಳುವ ಪ್ರಾಣಿಗಳು. ಆದ್ದರಿಂದ ಒಂದೇ ಲಿಂಗದ ಕನಿಷ್ಠ ಎರಡು ಇಲಿಗಳನ್ನು ಒಟ್ಟಿಗೆ ಸಾಕಲಾಗುತ್ತದೆ. ಒಂದು ಇಲಿಗೆ ಕನಿಷ್ಠ 2 ಘನ ಅಡಿ ಜಾಗ ಬೇಕೆಂಬುದು ಸಾಕುವವರಲ್ಲಿ ಪ್ರಚಲಿತವಿರುವ ಅಳತೆ. ಇದರಂತೆ 2 ಅಡಿ ಉದ್ದ, ಒಂದೂವರೆ ಅಡಿ ಅಗಲ ಹಾಗೂ 2 ಅಡಿ ಎತ್ತರದ ಪಂಜರದಲ್ಲಿ ಹೆಚ್ಚೆಂದರೆ 3 ಇಲಿಗಳನ್ನು ಇರಿಸಬಹುದು. ಕಂಬಿಗಳ ನಡುವಿನ ಅಂತರವು ಅರ್ಧ ಅಂಗುಲ ಮೀರದಿದ್ದರೆ ಎಳೆಯ ಇಲಿಗಳು ನುಸುಳಿ ಹೋಗುವ ಸಂಭವ ಕಡಿಮೆ. ಗಾಜಿನ ತೊಟ್ಟಿಗಳಲ್ಲಿ ಗಾಳಿಯಾಡುವುದಿಲ್ಲವಾದ್ದರಿಂದ ಅವು ಸೂಕ್ತವಲ್ಲ. ಬರಿಯ ತಂತಿಯ ನೆಲದ ಮೇಲೆ ಓಡಾಡುವ ಇಲಿಗಳ ಅಂಗಾಲಿನಲ್ಲಿ ಹುಣ್ಣುಗಳಾಗಬಹುದು. ಹತ್ತಲು ಏಣಿ, ಅಡಗಲು ಪೆಟ್ಟಿಗೆ ಮತ್ತು ಮಲಗಲು ಬಟ್ಟೆಯ ಜೋಲಿಯನ್ನು ಅಳವಡಿಸುವುದು ರೂಢಿ.

ನೆಲಹಾಸು

ಮೂತ್ರವನ್ನು ಹೀರಿಕೊಳ್ಳುವ, ದೂಳಿಲ್ಲದ ಕಾಗದದ ಚೂರುಗಳು ಅಥವಾ ಹತ್ತಿ ಬಟ್ಟೆಯು ನೆಲಹಾಸಿಗೆ ಉತ್ತಮ. ಸೀಡರ್ ಮತ್ತು ಸಂಸ್ಕರಿಸದ ಪೈನ್ ಮರದ ಹೊಟ್ಟಿನಿಂದ ಹೊರಡುವ ಘಾಟು ಶ್ವಾಸನಾಳವನ್ನು ಕೆರಳಿಸುತ್ತದೆ.

ಸ್ವಚ್ಛತೆ ಮತ್ತು ಶ್ವಾಸಕೋಶದ ರೋಗ

ಅನೇಕ ಇಲಿಗಳ ಶ್ವಾಸಾಂಗಗಳಲ್ಲಿ ಮೈಕೋಪ್ಲಾಸ್ಮಾ ಪಲ್ಮೋನಿಸ್ ಎಂಬ ಬ್ಯಾಕ್ಟೀರಿಯಾ ರೋಗಲಕ್ಷಣವಿಲ್ಲದೆಯೇ ನೆಲೆಸಿರುತ್ತದೆ. ನೆನೆದ ಹಾಸಿನಲ್ಲಿ ಮೂತ್ರವು ಕೊಳೆತು ಉಂಟಾಗುವ ಅಮೋನಿಯವು ಈ ಸೋಂಕನ್ನು ಉಲ್ಬಣಗೊಳಿಸುತ್ತದೆ. ಪದೇ ಪದೇ ಸೀನುವುದು, ಉಸಿರಾಟದಲ್ಲಿ ಗೊರಗೊರ ಸದ್ದು, ಕಣ್ಣು ಮೂಗುಗಳ ಸುತ್ತ ರಕ್ತದಂತೆ ಕಾಣುವ ಕೆಂಪು ಸ್ರಾವ ಇದರ ಲಕ್ಷಣಗಳು. ಇವು ಕಂಡುಬಂದಾಗ ಪಶುವೈದ್ಯರ ಚಿಕಿತ್ಸೆ ಅಗತ್ಯ.

ಒದ್ದೆಯಾದ ಹಾಸನ್ನು ಮತ್ತು ಉಳಿದ ಹಸಿ ಆಹಾರವನ್ನು ಪ್ರತಿದಿನ ತೆಗೆಯಬೇಕು. ಕುಡಿಯುವ ನೀರನ್ನೂ ದಿನವೂ ಬದಲಿಸಬೇಕು. ವಾರಕ್ಕೊಮ್ಮೆ ಪಂಜರವನ್ನು ಸೌಮ್ಯ ಸೋಪಿನಿಂದ ತೊಳೆದು ಪೂರ್ಣವಾಗಿ ಒಣಗಿಸಲಾಗುತ್ತದೆ. ಮೂತ್ರದ ಕರೆಗಳನ್ನು ನೀರು ಬೆರೆಸಿದ ವಿನೆಗರ್ ತೆಗೆಯುತ್ತದೆ. ಬ್ಲೀಚಿಂಗ್ ದ್ರಾವಣವು ಅಮೋನಿಯದೊಂದಿಗೆ ಬೆರೆತರೆ ವಿಷಾನಿಲ ಉಂಟಾಗುವುದರಿಂದ, ಮೂತ್ರ ಮೆತ್ತಿದ ಪಂಜರಕ್ಕೆ ಅದನ್ನು ಬಳಸಬಾರದು. ಪರಿಚಿತ ವಾಸನೆ ಸಂಪೂರ್ಣ ಅಳಿದರೆ ಇಲಿಗಳು ಮತ್ತೆ ಹೆಚ್ಚಾಗಿ ಮೂತ್ರದಿಂದ ಗುರುತು ಹಾಕುತ್ತವೆ. ಆದಕಾರಣ ಸ್ವಲ್ಪ ಒಣ ಹಳೆಯ ಹಾಸನ್ನು ಹೊಸದರೊಂದಿಗೆ ಉಳಿಸಲಾಗುತ್ತದೆ.

ಸ್ಥಳ ಮತ್ತು ಉಷ್ಣತೆ

ಇಲಿಗಳು ಬೆವರಿನ ಮೂಲಕ ದೇಹವನ್ನು ತಂಪಾಗಿಸಿಕೊಳ್ಳಲಾರವು. ಹೆಚ್ಚಿನ ಶಾಖವನ್ನು ಮುಖ್ಯವಾಗಿ ಬಾಲದ ಮೂಲಕ ಹೊರಹಾಕುತ್ತವೆ. ಉಷ್ಣತೆಯು 30 ಡಿಗ್ರಿ ಸೆಲ್ಸಿಯಸ್ ಮೀರಿದರೆ ಅವು ಬಳಲುತ್ತವೆ. ಆದ್ದರಿಂದ ಬೇಸಿಗೆಯಲ್ಲಿ ಪಂಜರವನ್ನು ನೇರ ಬಿಸಿಲು ಬೀಳದ, ಗಾಳಿಯಾಡುವ ಕೋಣೆಯಲ್ಲಿ ಇರಿಸಬೇಕು. ಬಿಳಿ ಇಲಿಗಳ ಕೆಂಪು ಕಣ್ಣುಗಳಿಗೆ ಪ್ರಖರ ಬೆಳಕು ಹಾನಿಕರ.

ಮಾನವ ಆರೋಗ್ಯ

ಕರ್ನಾಟಕದಲ್ಲಿ ಇಲಿಜ್ವರವೆಂದು ಕರೆಯಲಾಗುವ ಲೆಪ್ಟೊಸ್ಪೈರೋಸಿಸ್ ಇಲಿಗಳ ಮೂತ್ರದಿಂದ ಹರಡಬಲ್ಲದು. ಕಾಡಿನ ಹಾಗೂ ಬೀದಿಯ ಇಲಿಗಳು ಪಂಜರವನ್ನಾಗಲಿ ಆಹಾರವನ್ನಾಗಲಿ ಮುಟ್ಟದಂತೆ ಕಾಯುವುದು, ಶುಚಿಗೊಳಿಸಿದ ಬಳಿಕ ಸೋಪಿನಿಂದ ಕೈ ತೊಳೆಯುವುದು ಇದರ ಮುಖ್ಯ ಮುನ್ನೆಚ್ಚರಿಕೆಗಳು.